ರ್ಯೂಕನ್‌ಗೆ ಹೋಗಿ, ಜ್ಯಾಕ್ಸನ್ ಬಗ್ಗೆಯೂ ಕೇಳಿ

ಆಫೀಸಿನವರು ಫೆಬ್ರವರಿಯಲ್ಲಿ ನಾರ್ವೆಯ ರ್ಯೂಕನ್ ಹತ್ತಿರದ ಕ್ಯಾಬಿನ್‌ಗೆ ಕರೆದಿದ್ದಾರೆ, ಸ್ಕೀ ಬರಲ್ಲ, ಹೋಗಲೇಬೇಕಾ ಅಂತ ಕೇಳಿದ್ದೀರಿ. ಓಸ್ಲೋದಲ್ಲಿ ಊಟಕ್ಕೆ ಕೂತರೂ ಇವರು ಎರಡನೇ ಮಹಾಯುದ್ಧದ ಕಥೆ ತೆಗೆಯುತ್ತಾರೆ, ಎಂಬತ್ತು ವರ್ಷದ ಹಿಂದಿನದು ಈಗ ಯಾಕೆ ಅಂತಲೂ ಬರೆದಿದ್ದೀರಿ.

ಹೋಗಿ. ಆಫೀಸಿನಲ್ಲಿ ತುಟಿ ಬಿಚ್ಚದವರು ಕ್ಯಾಬಿನ್‌ನಲ್ಲಿ ಒಲೆ ಹಚ್ಚಿದ ಮೇಲೆ ಮಾತಾಡುತ್ತಾರೆ. ಸ್ಕೀ ಮಾಡುವಾಗ ಬಿದ್ದರೆ ಎಬ್ಬಿಸುತ್ತಾರೆ, ಅಷ್ಟೇ.

ರ್ಯೂಕನ್ ಕಣಿವೆಯ ತಳದಲ್ಲಿರುವ ಊರು. ಚಳಿಗಾಲ ಪೂರ್ತಿ ನೇರ ಬಿಸಿಲಿಲ್ಲ. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ಬೀಳಿಸಿಕೊಂಡರು! ಅಲ್ಲಿನ ಜಲಪಾತದ ನೀರನ್ನೂ ನಮ್ಮ ಜೋಗದ ಹಾಗೆ ಕರೆಂಟಿಗೆ ತಿರುಗಿಸಿದ್ದಾರೆ. ಆ ವೇಮೋರ್ಕ್ ವಿದ್ಯುತ್ ಕೇಂದ್ರದ ಜೊತೆಗಿದ್ದ ಕಾರ್ಖಾನೆಯಲ್ಲಿ ಭಾರಜಲ ತಯಾರಾಗುತ್ತಿತ್ತು. ಆಗ ನಾರ್ವೆಯನ್ನು ಹಿಡಿದಿದ್ದ ಜರ್ಮನರಿಗೆ ಅದು ಅಣು ಸಂಶೋಧನೆಗೆ ಬೇಕಿತ್ತು. 1943ರ ಫೆಬ್ರವರಿಯಲ್ಲಿ ನಾರ್ವೆಯ ಹುಡುಗರು ರಾತ್ರಿ ನುಗ್ಗಿ, ಒಂದು ಗುಂಡೂ ಹಾರಿಸದೆ ಭಾರಜಲದ ಘಟಕವನ್ನು ಸ್ಫೋಟಿಸಿ ಪಾರಾದರು. ಈ ಕಥೆ ನಿಮಗೆ ಹೇಗೂ ಸಿಗುತ್ತದೆ, ಬೇಡ ಅಂದರೂ ಹೇಳುತ್ತಾರೆ.

ನೀವು ಅದಕ್ಕಿಂತ ಮೂರು ತಿಂಗಳು ಹಿಂದಿನದನ್ನು ಕೇಳಿ, ಜ್ಯಾಕ್ಸನ್ ಎಂಬ ಬ್ರಿಟಿಷ್ ಸೈನಿಕನ ಕಥೆ ಅದು. 1942ರ ನವೆಂಬರ್ 19ರಂದು ಸ್ಕಾಟ್ಲೆಂಡಿನಿಂದ ಎರಡು ಗ್ಲೈಡರ್‌ಗಳು ಇದೇ ಕಾರ್ಖಾನೆಗೆ ಹೊರಟವು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ಮರದ ವಿಮಾನ, ಬಾಂಬರ್ ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಬರಬೇಕು. ಒಳಗೆ ಬ್ರಿಟಿಷ್ ವಾಯುದಳದ ಸೈನಿಕರಲ್ಲ, ಭೂಸೇನೆಯ ಏರ್‌ಬೋರ್ನ್ ಸ್ಯಾಪರ್‌ಗಳು, ಅಂದರೆ ಆಕಾಶದಿಂದ ಇಳಿಯುವ ಎಂಜಿನಿಯರ್ ಸೈನಿಕರು. ಬೆಂಗಳೂರಿನವರಿಗೆ ಹಲಸೂರು ಕೆರೆ ಪಕ್ಕದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಿಂದ ಸ್ಯಾಪರ್ ಎಂಬ ಹೆಸರು ಗೊತ್ತಿರುತ್ತದೆ ಅಲ್ವಾ? ಹವೆ ಕೆಟ್ಟಿತು, ಹಗ್ಗಕ್ಕೆ ಹಿಮ ಕಟ್ಟಿತು. ಒಂದು ಗ್ಲೈಡರ್ ಲೀಸೆಫ್ಯೂರ್ಡ್ ಕಡೆಯ ಬೆಟ್ಟದಲ್ಲಿ ಬಿತ್ತು. ಎಲ್ಲರೂ ಫೋಟೊ ಹಾಕುವ ಪ್ರೈಕೆಸ್ಟೂಲೆನ್ ಬಂಡೆ ಇರುವುದೂ ಆ ಕಡೆಯೇ. ಇನ್ನೊಂದು ಹೆಲೆಲಾಂಡ್ ಹತ್ತಿರ. ಅದನ್ನು ಎಳೆದು ತಂದ ವಿಮಾನವೂ ಗುಡ್ಡಕ್ಕೆ ಬಡಿಯಿತು.

ಹೆಲೆಲಾಂಡಿನಲ್ಲಿ ಬದುಕಿದ್ದವರನ್ನು ಮರುದಿನವೇ ಗುಂಡಿಟ್ಟು ಕೊಂದರು. ಕಮಾಂಡೊಗಳು ಸಿಕ್ಕರೆ ಸಮವಸ್ತ್ರದಲ್ಲಿದ್ದರೂ ಕೊಲ್ಲಿ ಎಂದು ಹಿಟ್ಲರ್ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿದ್ದ. ಮೊದಲ ಗ್ಲೈಡರಿನಲ್ಲಿ ಉಳಿದವರು ಒಂಬತ್ತು ಜನ. ಗಾಯಗೊಂಡಿದ್ದ ನಾಲ್ವರನ್ನು ಸ್ಟಾವಂಗರಿನಲ್ಲಿ ಕೊಂದು ಸಮುದ್ರಕ್ಕೆ ಎಸೆದರು. ನಡೆಯಬಲ್ಲ ಐವರನ್ನು ಓಸ್ಲೋ ಪಕ್ಕದ ಗ್ರೀನಿ ಸೆರೆಶಿಬಿರಕ್ಕೆ ತಂದು ವಿಚಾರಣೆ ಮಾಡಿದರು. ಆ ಐವರಲ್ಲಿ ಒಬ್ಬ ವಾಲಿಸ್ ಜ್ಯಾಕ್ಸನ್, ವಯಸ್ಸು 21. ಎರಡು ತಿಂಗಳು ಸೆರೆಯಲ್ಲಿಟ್ಟು, 1943ರ ಜನವರಿ 18ರಂದು ಐವರನ್ನೂ ತ್ರಾಂಡುಮ್ ಕಾಡಿಗೆ ಕರೆದೊಯ್ದು ಗುಂಡಿಟ್ಟರು. ನೀವು ಸೂಟ್‌ಕೇಸ್ ಹಿಡಿದು ಇಳಿದ ಗಾರ್ಡರ್‌ಮೂನ್ ವಿಮಾನ ನಿಲ್ದಾಣದ ಪಕ್ಕದ ಕಾಡೇ ಅದು. ಗುಡ್ಡಕ್ಕೆ ಬಡಿದ ವಿಮಾನದಲ್ಲಿದ್ದವರೂ ಸೇರಿ ಒಟ್ಟು 41 ಜನ ಸತ್ತರು. ನಾರ್ವೆಯಲ್ಲಿ ಜರ್ಮನ್ ಸೇನೆಯ ಮುಖ್ಯಸ್ಥನಾಗಿದ್ದ ಫಾಲ್ಕನ್‌ಹಾರ್ಸ್ಟ್‌ಗೆ 1946ರಲ್ಲಿ ಮರಣದಂಡನೆಯ ತೀರ್ಪಾಯಿತು, ಆಮೇಲೆ ಅದೂ ಇಳಿಯಿತು, 1953ರಲ್ಲಿ ಬಿಡುಗಡೆ. ನನಗಂತೂ ಇದು ಜೀರ್ಣವಾಗಲ್ಲ.

ಇವರು ಯಾಕೆ ಇನ್ನೂ ಮಾತಾಡುತ್ತಾರೆ ಅಂದಿರಲ್ಲ. ನಿಮ್ಮ ಸಹೋದ್ಯೋಗಿಯ ಅಜ್ಜನೋ ಅಜ್ಜಿಯೋ ಗ್ರೀನಿಯಲ್ಲಿ ಇದ್ದಿರಬಹುದು. ತ್ರಾಂಡುಮ್‌ನಲ್ಲಿ ಕೊಂದ 194 ಜನರಲ್ಲಿ 173 ಜನ ಇಲ್ಲಿನವರೇ. ಗೆದ್ದ ಕಥೆ ಎಲ್ಲರ ಮುಂದೆ ಹೇಳುತ್ತಾರೆ, ಇದನ್ನು ಕೇಳಿದವರಿಗೆ ಮಾತ್ರ. ಹೊಸಬರು ಕೇಳಿದರೆ ಅವರಿಗೆ ಬೇಜಾರಾಗಲ್ಲ, ಇನ್ನೂ ಜಾಸ್ತಿ ಮಾತಾಡುತ್ತಾರೆ.

ಜ್ಯಾಕ್ಸನ್ ಸಮಾಧಿ ವೆಸ್ಟ್ರೆ ಗ್ರಾವ್‌ಲುಂಡ್‌ನಲ್ಲಿದೆ. ಎಲ್ಲರೂ ಮಕ್ಕಳನ್ನು ಆಡಿಸಲು ಹೋಗುವ ಫ್ರೋಗ್ನರ್ ಪಾರ್ಕಿನ ಪಕ್ಕದ ಸ್ಮಶಾನವೇ. ದೊಡ್ಡ ಜಾಗ, ಕಾಮನ್‌ವೆಲ್ತ್ ಸೈನಿಕರ ಭಾಗ ಎಲ್ಲಿ ಎಂದು ವಿಚಾರಿಸಿಕೊಂಡು ಹೋಗಿ. ಮೇ 8, ಅಂದರೆ ನಾರ್ವೆ ಜರ್ಮನರಿಂದ ಬಿಡುಗಡೆಯಾದ ದಿನದ ಹೊತ್ತಿಗೆ ಹೋದರೆ ಹಿಮವೂ ಇರಲ್ಲ.

ರ್ಯೂಕನ್‌ಗೆ ಜೀನ್ಸ್ ಬೇಡ, ಉಣ್ಣೆಯ ಒಳಬಟ್ಟೆ ತೆಗೆದುಕೊಳ್ಳಿ. ಚಟ್ನಿಪುಡಿ ಒಯ್ದರೆ ಅವರ ಒಣ ಬ್ರೆಡ್ಡಿಗೆ ಆಗುತ್ತದೆ.