ಸ್ಥಳೀಯ ಸಭೆಯ ಆರಾಧನೆಯಲ್ಲಿ ನಿಜಕ್ಕೂ ಮುಖ್ಯವಾದದ್ದು ಯಾವುದು?

ನೀವು ಸಿ.ಎಸ್.ಐ. (ದಕ್ಷಿಣ ಇಂಡಿಯಾ ಸಭೆ) ಕನ್ನಡ ಸಭೆಯೊಂದರ ಕಮಿಟಿಗೆ ಹೊಸದಾಗಿ ಆಯ್ಕೆಯಾಗಿದ್ದೀರಿ. ಹಳೆಯ ಸಂಗೀತ ಪುಸ್ತಕವೇ (ಆರಾಧನೆಯ ಹಾಡುಗಳ ಪುಸ್ತಕ) ಸಾಕು ಎನ್ನುವ ಹಿರಿಯರು ಒಂದು ಕಡೆ, ಕೀಬೋರ್ಡು, ಡ್ರಮ್ಸ್, ಪ್ರೊಜೆಕ್ಟರ್ ಬೇಕೇ ಬೇಕು ಎನ್ನುವ ಯುವಜನರು ಇನ್ನೊಂದು ಕಡೆ. ಯಾರ ಪರ ನಿಲ್ಲಬೇಕೆಂದು ತೋಚದೆ, ಆರಾಧನೆಯಲ್ಲಿ ನಿಜಕ್ಕೂ ಮುಖ್ಯ ಯಾವುದು ಎಂದು ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ಬಂದವರೆಲ್ಲ ಸೇರಿ ಮಾಡಲು ಆಗುವಂಥ ಆರಾಧನೆ ಮುಖ್ಯ. ವಾಕ್ಯ ಕೊನೆಯ ಬೆಂಚಿನವರ ಕಿವಿಗೂ ಬೀಳಬೇಕು. ಪ್ರಾರ್ಥನೆಗೆ ಎಲ್ಲರೂ ಅರ್ಥ ತಿಳಿದು ‘ಆಮೆನ್’ ಅನ್ನಬೇಕು. ಕರ್ತನ ಮೇಜಿಗೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ, ಎಲ್ಲರೂ ಸಮನಾಗಿ ಬರಬೇಕು. ಸೇರಿದ ಕಾಣಿಕೆ ಇಲ್ಲದವರ ಕೈ ಮುಟ್ಟಬೇಕು. ವಾದ್ಯ ಇರಲಿ, ಪರದೆ ಇರಲಿ, ಪುಸ್ತಕ ಇರಲಿ, ಈ ನಾಲ್ಕಕ್ಕೆ ನೆರವಾದರೆ ಇಟ್ಟುಕೊಳ್ಳಿ, ಅಡ್ಡಿಯಾದರೆ ತೆಗೆಯಿರಿ.

ಇದು ಹಳೆಯ ಅಳತೆಗೋಲು. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್, ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆಂದು ಚಕ್ರವರ್ತಿಗೆ ಬರೆದು ವಿವರಿಸಿದ. ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಗ್ರಂಥಗಳನ್ನೋ ಸಮಯವಿದ್ದಷ್ಟು ಓದುತ್ತಾರೆ. ಸಭೆ ನಡೆಸುವವನು ಬುದ್ಧಿಮಾತು ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ಅವನು ಸ್ತೋತ್ರ ಸಲ್ಲಿಸಿದಾಗ ಜನ ಆಮೆನ್ ಅನ್ನುತ್ತಾರೆ. ಎಲ್ಲರಿಗೂ ಹಂಚಿ, ಬರಲಾಗದವರಿಗೆ ಸಭಾಸೇವಕರ ಕೈಲಿ ಕಳಿಸುತ್ತಾರೆ. ಉಳ್ಳವರು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಹೋಗುತ್ತದೆ. ಅಲ್ಲಿ ಕಟ್ಟಡದ ಮಾತಿಲ್ಲ, ವಾದ್ಯದ ಮಾತಿಲ್ಲ. ಅದಕ್ಕೂ ನೂರು ವರ್ಷ ಮೊದಲೇ ಪೌಲ ಕೊರಿಂಥದವರಿಗೆ ಬರೆದಿದ್ದ (1 ಕೊರಿಂಥ 14:16): ನೀನು ಹೇಳುವುದು ಪಕ್ಕದವನಿಗೆ ಅರ್ಥವಾಗದಿದ್ದರೆ ಅವನು ಆಮೆನ್ ಅನ್ನುವುದು ಹೇಗೆ?

ಮೊದಲು ವಾಚನ. ಕಮಿಟಿಗಳು ಇದರ ಬಗ್ಗೆ ಚರ್ಚಿಸುವುದೇ ಅಪರೂಪ, ಆದರೆ ಅತಿ ಹೆಚ್ಚು ಕೆಡುವುದು ಇದೇ. ಸಭೆಯ ವಾರ್ಷಿಕ ಪಂಚಾಂಗವಾದ ಅಲ್ಮನಾಕ್‌ನಲ್ಲಿ ಆಯಾ ವಾರದ ಪಾಠಗಳು ಮೊದಲೇ ಇರುತ್ತವೆ. ಆದರೂ ಆರಾಧನೆಗೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ಸಿಕ್ಕವರಿಗೆ ಸತ್ಯವೇದ ಕೊಟ್ಟು ‘ಇವತ್ತು ನೀವು ಓದಿ’ ಅನ್ನುತ್ತೇವೆ. ಅವರು ‘ನೆಬೂಕದ್ನೆಚ್ಚರ’ ಎನ್ನುವಲ್ಲಿ ತಡವರಿಸುತ್ತಾರೆ, ಮುಂದಿನ ವಾಕ್ಯ ಓಡಿಸುತ್ತಾರೆ, ಜನರಿಗೆ ಏನೂ ಉಳಿಯುವುದಿಲ್ಲ. ಬುಧವಾರದೊಳಗೆ ಓದುವವರಿಗೆ ಭಾಗ ತಿಳಿಸಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿ ಬರಲಿ: ಮೊದಲ ಸಲ ಹೆಸರುಗಳಿಗಾಗಿ, ಎರಡನೆಯ ಸಲ ಎಲ್ಲಿ ನಿಲ್ಲಬೇಕೆಂದು ತಿಳಿಯಲು, ಮೂರನೆಯ ಸಲ ಅರ್ಥಕ್ಕಾಗಿ. ನಮ್ಮ ಹಳೆಯ ಭಾಷಾಂತರದಲ್ಲಿ ವಾಕ್ಯಗಳು ಉದ್ದ, ಕ್ರಿಯಾಪದ ಕೊನೆಗೆ ಬರುತ್ತದೆ. ನಡುವೆ ಉಸಿರು ಮುಗಿದರೆ ಯಾರು ಯಾರಿಗೆ ಏನು ಮಾಡಿದರೆಂಬುದೇ ಕಳೆದುಹೋಗುತ್ತದೆ. ಹದಿನೈದು ವಚನಕ್ಕೆ ಎರಡೂವರೆ ನಿಮಿಷವಾದರೂ ಬೇಕು. ಪುಸ್ತಕ, ಅಧ್ಯಾಯ, ವಚನ ಹೇಳಿದ ಮೇಲೆ ಪುಟ ತಿರುವುವ ಸದ್ದು ನಿಲ್ಲುವವರೆಗೆ ಕಾಯಲಿ. ಎತ್ತರದ ಮಾಡಿನ ಹಳೆಯ ಕಲ್ಲಿನ ಚರ್ಚುಗಳಲ್ಲಿ ಸದ್ದು ಮಾರ್ದನಿಸುವುದರಿಂದ ಇನ್ನೂ ನಿಧಾನ ಬೇಕು, ಮೈಕು ಬಾಯಿಂದ ನಾಲ್ಕೈದು ಬೆರಳಷ್ಟು ದೂರ ಸಾಕು.

ಸಮಯ ಸಾಲದೆಂದು ಹಳೆಯ ಒಡಂಬಡಿಕೆಯ ಪಾಠವನ್ನು ಬಿಡುವ ಅಭ್ಯಾಸ ಹಲವೆಡೆ ಬಂದಿದೆ. ದಯವಿಟ್ಟು ಬಿಡಬೇಡಿ. ಅದಕ್ಕೆ ಬೇಕಾದ ಮೂರು ನಿಮಿಷವನ್ನು ಪ್ರಕಟಣೆಗಳಿಂದ ತೆಗೆದುಕೊಳ್ಳಿ. ಪ್ರಕಟಣೆ ಐದು ನಿಮಿಷ ದಾಟಿದರೆ ಅರ್ಧವನ್ನು ನೋಟಿಸ್ ಬೋರ್ಡಿಗೂ ವಾಟ್ಸಾಪ್ ಗುಂಪಿಗೂ ಹಾಕಿ. ಪ್ರಸಂಗಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಹಿಡಿದುಕೊಳ್ಳಲು ಒಂದೇ ಸಂಗತಿ. ಇದು ಅಯ್ಯನವರ (ಬೋಧಕರ) ಕೆಲಸವಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಈಗ ನಿಮ್ಮ ಜಗಳಕ್ಕೆ ಬರೋಣ. ಹಳೆಯದು ಪವಿತ್ರ, ಹೊಸದು ಲೌಕಿಕ ಎನ್ನುವ ವಾದಕ್ಕೆ ಇತಿಹಾಸದ ಆಧಾರವಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತಮ್ಮ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಿದರು. ನಾವು ಹಳೆಯದು ಎನ್ನುವ ಎಷ್ಟೋ ಹಾಡುಗಳು ಅಂದು ಹೊಸತಾಗಿದ್ದವು, ಪರದೇಶದವಾಗಿದ್ದವು. ಆ ಮಿಶನ್ನಿನವರೇ ಆದ ಕಿಟೆಲ್, 1894ರಲ್ಲಿ ದೊಡ್ಡ ನಿಘಂಟು ಹೊರತರುವುದಕ್ಕೆ ಬಹಳ ಮೊದಲೇ, 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ನಮ್ಮ ದೇಶದ ಛಂದಸ್ಸಿನಲ್ಲೇ ಬರೆದರು. ಎರಡು ದಾರಿಯೂ ನಮ್ಮ ಸಭೆಗಳಲ್ಲಿ ಮೊದಲಿಂದ ಇವೆ.

ಆದ್ದರಿಂದ ಹಾಡು ಯಾವ ಕಾಲದ್ದೆಂದು ನೋಡಬೇಡಿ, ಜನ ಹಾಡಬಲ್ಲರೇ ನೋಡಿ. ಅದಕ್ಕೆ ಮೂರು ಪರೀಕ್ಷೆಗಳಿವೆ. ಒಂದು, ಶ್ರುತಿ. ಸಾಮಾನ್ಯ ಹೆಂಗಸರ ದನಿಗೆ ಕೀಬೋರ್ಡಿನ ಮಧ್ಯದ ಸಿ ಸ್ವರಕ್ಕಿಂತ ಸ್ವಲ್ಪ ಕೆಳಗಿನ ಎ ಇಂದ ಮೇಲಿನ ಡಿ ವರೆಗೆ ಸುಲಭ. ಗಂಡಸರಿಗೆ ಅದೇ ಒಂದು ಸ್ಥಾಯಿ ಕೆಳಗೆ. ಮುಂದೆ ನಿಂತು ಹಾಡುವ ಹುಡುಗ ತನ್ನ ಗಂಟಲಿಗೆ ಒಪ್ಪುವ ಎತ್ತರದ ಸ್ಕೇಲ್ ಹಿಡಿದರೆ ಎರಡನೇ ಚರಣಕ್ಕೆ ಸಭೆ ಬಾಯಿ ಮುಚ್ಚುತ್ತದೆ. ಹಳೆಯ ಸಂಗೀತಗಳಲ್ಲೂ ಇದೇ ತೊಂದರೆ ಉಂಟು. ನಾಲ್ಕು ಭಾಗದ ಗಾಯನಕ್ಕೆಂದು ಬರೆದ ಸ್ಕೇಲ್‌ನಲ್ಲೇ ಎಲ್ಲರೂ ಹಾಡಬೇಕೆಂದೇನಿಲ್ಲ, ಒಂದು ಸ್ವರ ಇಳಿಸಿ ನುಡಿಸಿ. ಎರಡು, ಮಾತು ಮತ್ತು ತಾಳ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಪರಭಾಷೆಯ ರಾಗದ ಉದ್ದ ಸ್ವರ ನಮ್ಮ ಗಿಡ್ಡ ಅಕ್ಷರದ ಮೇಲೆ ಬಿದ್ದರೆ ‘ಬಲ’ ಎನ್ನುವುದು ‘ಬಾಲ’ ಎಂದು ಕೇಳಿಸುತ್ತದೆ. ಮಿಶನ್ ಕಾಲದ ಹಾಡುಗಳಲ್ಲೂ ಇದಿದೆ, ಇಂಗ್ಲಿಷಿನಿಂದ ನಿನ್ನೆ ತಂದ ಕೋರಸ್‌ಗಳಲ್ಲಿ ಇನ್ನೂ ಹೆಚ್ಚು. ಹೊಸ ಹಾಡನ್ನು ಆರಿಸುವಾಗ ವಾದ್ಯವಿಲ್ಲದೆ ಒಮ್ಮೆ ಹಾಡಿಸಿ, ಹಾಡು ಗೊತ್ತಿಲ್ಲದ ಒಬ್ಬರಿಗೆ ಮಾತು ತಿಳಿಯಿತೇ ಕೇಳಿ. ಮೂರು, ಹಾಡು ಯಾರ ಬಗ್ಗೆ ಇದೆ? ಇಡೀ ಭಾನುವಾರದ ಹಾಡುಗಳಲ್ಲಿ ‘ನಾನು, ನನ್ನ, ನನಗೆ’ ಮಾತ್ರ ಇದ್ದು ಶಿಲುಬೆ, ಪುನರುತ್ಥಾನ, ನೆರೆಯವರು ಯಾರೂ ಇಲ್ಲದಿದ್ದರೆ ಆಯ್ಕೆ ತಪ್ಪಿದೆ.

ಹೊಸ ಹಾಡು ತಿಂಗಳಿಗೊಂದು ಸಾಕು. ಆರಾಧನೆಗೆ ಹತ್ತು ನಿಮಿಷ ಮೊದಲು ಕಲಿಸಿ, ಮುಂದಿನ ಎರಡು ವಾರವೂ ಅದನ್ನೇ ಹಾಡಿಸಿ. ಡ್ರಮ್ಸ್ ಇರಲಿ, ಆದರೆ ನಡುವಿನ ಬೆಂಚಿನಲ್ಲಿ ಕೂತವರಿಗೆ ಪಕ್ಕದವರ ದನಿ ಕೇಳಿಸದಷ್ಟು ಜೋರಾಗಿದ್ದರೆ ಕಡಿಮೆ ಮಾಡಿಸಿ; ಒಂದು ಚರಣವನ್ನಾದರೂ ವಾದ್ಯ ನಿಲ್ಲಿಸಿ ಸಭೆಗೆ ಬಿಡಿ. ಪರದೆಯಲ್ಲಿ ಒಮ್ಮೆಗೆ ನಾಲ್ಕು ಸಾಲು, ಸಾಲು ಮುರಿಯುವುದು ಅರ್ಥ ಮುಗಿದಲ್ಲಿ. ಮುಂದಿನ ಸ್ಲೈಡು ಕೊನೆಯ ಪದ ಹಾಡುವಾಗಲೇ ಬರಬೇಕು, ಹಾಡಿದ ಮೇಲೆ ಬಂದರೆ ಎಲ್ಲರೂ ಒಂದು ಮಾತ್ರೆ ಹಿಂದೆ ಬೀಳುತ್ತಾರೆ. ಕಣ್ಣು ಮಂದವಾದ ಹಿರಿಯರಿಗೆ ಪರದೆಯೇ ಅನುಕೂಲ ಎಂಬುದನ್ನು ಅವರ ಪರ ಮಾತಾಡುವವರು ಮರೆಯುತ್ತಾರೆ. ಕರೆಂಟು ಹೋದಾಗ ಪುಸ್ತಕವೇ ಗತಿ ಎಂಬುದನ್ನು ಯುವಜನರು ಮರೆಯುತ್ತಾರೆ.

ವಿಜ್ಞಾಪನೆಯ ಪ್ರಾರ್ಥನೆ ಎರಡನೆಯ ಪ್ರಸಂಗವಾಗಬಾರದು. ಲೋಕ, ದೇಶ, ಊರು, ಸಭೆ, ಕಷ್ಟದಲ್ಲಿರುವವರು, ಹೀಗೆ ಐದಾರು ಭಾಗ ಮಾಡಿ. ಪ್ರತಿ ಭಾಗಕ್ಕೂ ಎರಡೇ ವಾಕ್ಯ, ಸ್ವಲ್ಪ ಮೌನ, ಆಮೇಲೆ ಜನರೆಲ್ಲ ಹೇಳುವ ಒಂದೇ ಉತ್ತರ. ಒಟ್ಟು ಏಳೆಂಟು ನಿಮಿಷ. ಊರಿನ ಸಂಗತಿ ಬರಲಿ: ಮಳೆ ಹಿಡಿದದ್ದು, ಪರೀಕ್ಷೆ ಬರೆಯುವ ಮಕ್ಕಳು, ಕೆಲಸ ಕಳೆದುಕೊಂಡವರು. ರೋಗಿಗಳ ಹೆಸರು ಹೇಳುವ ಮೊದಲು ಅವರ ಒಪ್ಪಿಗೆ ಪಡೆಯಿರಿ, ರೋಗದ ಹೆಸರು ಹೇಳಲೇಬೇಡಿ. ನಡೆಸುವವರು ಬರೆದುಕೊಂಡು ಬರುವುದು ಆತ್ಮಕ್ಕೆ ವಿರೋಧವೆಂದು ಕೆಲವರು ಭಾವಿಸುತ್ತಾರೆ. ನಾನು ಒಪ್ಪುವುದಿಲ್ಲ. ಸಿದ್ಧತೆಯಿಲ್ಲದ ಪ್ರಾರ್ಥನೆಯಲ್ಲಿ ಪ್ರತಿ ವಾರ ಅವೇ ಹತ್ತು ಮಾತು ಸುತ್ತುತ್ತವೆ.

ಇನ್ನು ಕರ್ತನ ಭೋಜನ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾಯಿತು. 1950ರಲ್ಲಿ ಬಳಕೆಗೆ ಬಂದ ಅದರ ಆರಾಧನಾ ಕ್ರಮವನ್ನು ಬೇರೆ ದೇಶಗಳ ಸಭೆಗಳೂ ಗಮನಿಸಿ ಕಲಿತವು. ಅದರ ವಿಶೇಷವೆಲ್ಲ ಜನರ ಪಾಲಿನಲ್ಲಿದೆ. ಬೋಧಕರು ಮೇಜಿನ ಹಿಂದೆ, ಜನರಿಗೆ ಮುಖ ಮಾಡಿ ನಿಲ್ಲುತ್ತಾರೆ. ಸ್ತೋತ್ರ ಪ್ರಾರ್ಥನೆಯ ನಡುವೆಯೇ ಸಭೆ ದನಿಗೂಡಿಸಿ ಕರ್ತನ ಮರಣವನ್ನು ಸ್ಮರಿಸುತ್ತದೆ, ಪುನರುತ್ಥಾನವನ್ನು ಅರಿಕೆಮಾಡುತ್ತದೆ, ಎರಡನೆಯ ಬರೋಣವನ್ನು ಎದುರುನೋಡುತ್ತದೆ. ಸಿರಿಯನ್ ಪರಂಪರೆಯಿಂದ ಬಂದ ಸಮಾಧಾನದ ವಂದನೆ ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ದಾಟುತ್ತಾ ಮೇಜಿನಿಂದ ಕೊನೆಯ ಸಾಲಿನವರೆಗೆ ಹೋಗುತ್ತದೆ.

ಆ ವಂದನೆ ಕಾಣಿಕೆಗೆ ಮುಂಚೆ ಬರುವುದು ಸುಮ್ಮನಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ (ಮತ್ತಾಯ 5:23–24). ಆ ವಂದನೆಯನ್ನು ಪಕ್ಕದವರಿಗೆ ಗುಡ್ ಮಾರ್ನಿಂಗ್ ಹೇಳುವಂತೆ ಮುಗಿಸಿದರೆ, ಕಮಿಟಿ ಚುನಾವಣೆಯ ಮನಸ್ತಾಪ ಹೊತ್ತುಕೊಂಡೇ ಇಬ್ಬರೂ ಒಂದೇ ಪಾತ್ರೆಗೆ ಕೈಚಾಚುತ್ತಾರೆ. ಪೌಲ ಕೊರಿಂಥದವರನ್ನು ಅಷ್ಟು ಕಟುವಾಗಿ ಗದರಿದ್ದು ಹಾಡಿಗಲ್ಲ. ಉಳ್ಳವರು ಮೊದಲೇ ಉಂಡು ಕುಡಿದರು, ಬಡವರು ಹಸಿದು ಕೂತರು, ಅದಕ್ಕೆ (1 ಕೊರಿಂಥ 11). ನಮ್ಮ ನಾಡಿನಲ್ಲಿ ಅದೇ ಪಾಪ ಜಾತಿಯ ರೂಪದಲ್ಲಿ ಬಂತು. ತಮಿಳು ಸಭೆಗಳಲ್ಲಿ ಬೇರೆ ಸಾಲು, ಬೇರೆ ಸರದಿ ಎಂದು ನಡೆಯುತ್ತಿದ್ದಾಗ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆ ಭೇದವನ್ನು ಪೂರ್ತಿ ಬಿಡಬೇಕೆಂದು ಬರೆದರು. ನಿಮ್ಮಲ್ಲಿ ಯಾರು ಯಾವಾಗಲೂ ಕೊನೆಗೆ ಬರುತ್ತಾರೆ, ಏಕೆ ಬರುತ್ತಾರೆ ಎಂದು ಗಮನಿಸಿ. ಸರದಿಯನ್ನು ಒಂದು ವಾರ ಹಿಂದಿನ ಬೆಂಚಿನಿಂದ ಶುರುಮಾಡಿಸಿ.

ಮೇಜಿನ ಲೆಕ್ಕವೂ ಹೇಳುತ್ತೇನೆ. ಮೇಜಿನ ಎದುರಿನ ಕಟಕಟೆಯ ಮುಂದೆ ಒಮ್ಮೆಗೆ ಹನ್ನೆರಡು ಜನ ಮೊಣಕಾಲೂರಿದರೆ ಒಂದು ಸರದಿಗೆ ಸುಮಾರು ಮೂರು ನಿಮಿಷ. ನೂರೈವತ್ತು ಜನರಿಗೆ ಹದಿಮೂರು ಸರದಿ, ನಲವತ್ತು ನಿಮಿಷ. ಇನ್ನೊಂದು ಜೊತೆ ರೊಟ್ಟಿ, ಪಾತ್ರೆ ಹಿಡಿಯುವವರಿದ್ದರೆ ಅರ್ಧಕ್ಕಿಳಿಯುತ್ತದೆ. ದ್ರಾಕ್ಷಾರಸ ಒಬ್ಬರಿಗೆ ಏಳು ಮಿಲಿಲೀಟರ್ ಹಿಡಿದರೆ ಒಂದು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಸಣ್ಣ ಲೋಟಗಳಾದರೆ ಹತ್ತು ಮಿಲಿಲೀಟರ್ ಲೆಕ್ಕ ಹಾಕಿ, ಒಂದೂವರೆ ಲೀಟರ್. ನಡುವೆ ಸಾಲದೆ ಬಂದರೆ ಎಲ್ಲರ ಗಮನ ಚದುರುತ್ತದೆ. ಉಳಿದದ್ದನ್ನು ಅಂದೇ ಗೌರವದಿಂದ ಸೇವಿಸಿ ಮುಗಿಸಬೇಕು. ಮೊಣಕಾಲೂರಲು ಆಗದವರು ನಿಂತು ಸ್ವೀಕರಿಸಬಹುದೆಂದು ಮೊದಲೇ ಹೇಳಿ, ಗಾಲಿಕುರ್ಚಿಯವರ ಬಳಿಗೆ ಬೋಧಕರೇ ಹೋಗಲಿ.

ಕಾಣಿಕೆಯ ಬಗ್ಗೆ ಎರಡು ಮಾತು. ಹುಟ್ಟುಹಬ್ಬ, ವಿವಾಹ ವಾರ್ಷಿಕದ ಕೃತಜ್ಞತಾ ಕಾಣಿಕೆಗಳನ್ನು ಹೆಸರಿನೊಂದಿಗೆ ಓದಿದರೆ ಓದಿ, ಮೊತ್ತ ಓದಬೇಡಿ. ಮೊತ್ತ ಓದಿದ ದಿನದಿಂದ ಐವತ್ತು ರೂಪಾಯಿ ಕೊಡುವ ಅಜ್ಜಿ ಕವರ್ ತರುವುದನ್ನು ನಿಲ್ಲಿಸುತ್ತಾರೆ. ಬೆಳೆ ಹಬ್ಬದ ಹರಾಜು ಸಂತೋಷದ್ದೇ, ಆದರೆ ಆಶೀರ್ವಾದ ಮುಗಿದ ಮೇಲೆ, ಹೊರಗೆ ಇಟ್ಟುಕೊಳ್ಳಿ. ಹಣವನ್ನು ಅಂದೇ ವೆಸ್ಟ್ರಿಯಲ್ಲಿ (ಚರ್ಚಿನ ಪಕ್ಕದ ಕೋಣೆ) ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ಆಮೇಲೆ ವರ್ಷದ ಬಜೆಟ್ ತೆಗೆದು ನೋಡಿ: ಜಸ್ಟಿನ್ ಬರೆದ ಆ ವಿಧವೆ, ರೋಗಿ, ಸೆರೆಯವರಿಗೆ ಒಂದು ಬಾಬ್ತು ಇದೆಯೇ? ಬಣ್ಣಕ್ಕೂ ಸೌಂಡ್ ಸಿಸ್ಟಮ್‌ಗೂ ಇದ್ದು ಅದಕ್ಕಿಲ್ಲದಿದ್ದರೆ, ಕಮಿಟಿಯಲ್ಲಿ ನೀವು ಎತ್ತಬೇಕಾದ ಮೊದಲ ವಿಷಯ ಅದೇ. ನಿಮ್ಮ ಹಾಡುಗಳ ಸದ್ದನ್ನು ನನ್ನಿಂದ ತೊಲಗಿಸಿರಿ, ನ್ಯಾಯ ಹೊಳೆಯಂತೆ ಹರಿಯಲಿ ಎಂದು ಆಮೋಸನ ಬಾಯಲ್ಲಿ ದೇವರು ಹೇಳಿದ್ದು ಚೆನ್ನಾಗಿ ಹಾಡುತ್ತಿದ್ದವರಿಗೇ (ಆಮೋಸ 5:23–24).

ಕಮಿಟಿಯಲ್ಲಿ ಕೀಬೋರ್ಡಿನ ವಿಷಯವನ್ನು ಈಗಲೇ ಮತಕ್ಕೆ ಹಾಕಬೇಡಿ. ಮತ ಹಾಕಿದರೆ ಸಭೆಯಲ್ಲಿ ಸೋತವರ ಗುಂಪೊಂದು ಉಳಿದುಬಿಡುತ್ತದೆ. ಹಿರಿಯರಲ್ಲಿ ಒಬ್ಬರನ್ನೂ ಯುವಜನರಲ್ಲಿ ಒಬ್ಬರನ್ನೂ ಕೇಳಿಕೊಂಡು ಒಂದು ತಿಂಗಳು ಇಬ್ಬರೂ ಕೊನೆಯ ಬೆಂಚಿನಲ್ಲಿ ಜೊತೆಗೆ ಕೂರಲಿ. ಪಾಠ ಕೇಳಿಸಿತೇ, ಯಾವ ಹಾಡಿಗೆ ಸುತ್ತಲಿನವರ ಬಾಯಿ ತೆರೆಯಿತು, ಯಾವುದಕ್ಕೆ ಮುಚ್ಚಿತು, ಆಮೆನ್ ಎಲ್ಲಿ ಗಟ್ಟಿಯಾಗಿ ಬಂತು, ಹೊಸಬರಿಗೆ ಯಾರು ಪುಟ ತೋರಿಸಿದರು ಎಂದು ಬರೆದುಕೊಳ್ಳಲಿ. ಮೊದಲು ಮೈಕು ಮತ್ತು ವಾಚಕರನ್ನು ಸರಿಪಡಿಸಿ, ನಂತರ ಶ್ರುತಿ. ಮನೆ ಹಿಡಿದ ಹಿರಿಯರಿಗೆ ಭೋಜನ ಮುಟ್ಟಿಸಲು ಅಯ್ಯನವರ ಜೊತೆ ಆ ದಿನವೇ ಯಾರು ಹೋಗುತ್ತಾರೆಂಬ ಪಟ್ಟಿಯನ್ನು ಇಬ್ಬಿಬ್ಬರಂತೆ ಮಾಡಿ, ಒಬ್ಬರು ಹಿರಿಯರು, ಒಬ್ಬರು ಗಿಟಾರ್ ನುಡಿಸುವವರು. ಕೀಬೋರ್ಡಿನ ಮಾತನ್ನು ಇದಾದ ಮೇಲಿನ ಕಮಿಟಿ ಸಭೆಗೆ ಇಟ್ಟುಕೊಳ್ಳಿ.