ಗೆಲಿಲಿಯೊನ ಚಲನೆ, ಹಾಬ್ಸ್‌ನ ರಾಜ್ಯ

ಪ್ರಶ್ನೆ: ಹದಿನೇಳನೆಯ ಶತಮಾನದ ವಿಜ್ಞಾನ ಯೂರೋಪಿನ ನೀತಿ ಮತ್ತು ರಾಜಕೀಯ ಚಿಂತನೆಯನ್ನೇ ಬದಲಿಸಿತು ಎನ್ನುತ್ತಾರೆ. ಕಲ್ಲು ಹೇಗೆ ಬೀಳುತ್ತದೆ ಎಂಬುದಕ್ಕೂ ಪ್ರಜೆ ಅರಸನ ಮಾತನ್ನು ಏಕೆ ಕೇಳಬೇಕು ಎಂಬುದಕ್ಕೂ ಎಲ್ಲಿಯ ಸಂಬಂಧ?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್‌ನಲ್ಲಿ. ಅರಿಸ್ಟಾಟಲನ ಪ್ರಕಾರ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ನೆಲೆಯಿದೆ. ಕಲ್ಲು ಕೆಳಕ್ಕೂ ಬೆಂಕಿ ಮೇಲಕ್ಕೂ ಹೋಗುವುದು ಆ ನೆಲೆಯನ್ನು ಸೇರಿ ನಿಲ್ಲುವುದಕ್ಕಾಗಿ. ಹಾಗೆಯೇ ಮನುಷ್ಯನಿಗೂ ಒಂದು ಪರಮ ಗುರಿಯಿದ್ದು, ಅದು ರಾಜ್ಯದೊಳಗಿನ ಬದುಕಿನಲ್ಲಿ ಕೈಗೂಡುವುದರಿಂದ ರಾಜ್ಯವೂ ಪ್ರಕೃತಿಸಹಜವೆಂದು ಅವನು ತಿಳಿದಿದ್ದ.

ಗೆಲಿಲಿಯೊ ಅಲುಗಾಡಿಸಿದ್ದು ಈ ಚಿತ್ರದ ಬುಡವನ್ನು. ತಡೆಯೊಂದು ಎದುರಾಗದಿದ್ದರೆ ಚಲಿಸುತ್ತಿರುವ ವಸ್ತು ತಾನಾಗಿ ನಿಲ್ಲಬೇಕಾದ ಕಾರಣವೇ ಇಲ್ಲ. 1630ರ ದಶಕದಲ್ಲಿ ಇಟಲಿಗೆ ಹೋಗಿ ಗೆಲಿಲಿಯೊನನ್ನು ಕಂಡು ಬಂದಿದ್ದ ಹಾಬ್ಸ್, 1651ರಲ್ಲಿ ಪ್ರಕಟವಾದ 'ಲೆವಿಯಾಥನ್' ಗ್ರಂಥದ ಎರಡನೆಯ ಅಧ್ಯಾಯವನ್ನು ಈ ತತ್ತ್ವದಿಂದಲೇ ಆರಂಭಿಸುತ್ತಾನೆ. ಮುಂದೆ ಆರನೆಯ ಅಧ್ಯಾಯದಲ್ಲಿ, ಒಂದು ವಸ್ತುವಿನತ್ತ ನಮ್ಮೊಳಗೆ ಹುಟ್ಟುವ ಸೂಕ್ಷ್ಮ ಚಲನೆಯೇ ಬಯಕೆ, ಅದರಿಂದ ದೂರ ಸರಿಯುವ ಚಲನೆಯೇ ಹೇವರಿಕೆ, ಬಯಸಿದ್ದನ್ನೇ ನಾವು ಒಳ್ಳೆಯದೆಂದು ಕರೆಯುತ್ತೇವೆ ಎನ್ನುತ್ತಾನೆ. ಹನ್ನೊಂದನೆಯದರಲ್ಲಿ ಇದರ ಫಲ ಕಾಣುತ್ತದೆ: ಮನಸ್ಸು ತಲುಪಿ ತಣಿಯಬಹುದಾದ ಪರಮ ಗುರಿ ಎಂಬುದಿಲ್ಲ, ಬಯಕೆ ನಿಲ್ಲುವುದು ಸಾವಿನಲ್ಲಿ ಮಾತ್ರ. ಅಂಥ ಮನುಷ್ಯರ ನಡುವೆ ರಾಜ್ಯ ತಾನಾಗಿ ಬೆಳೆಯಲಾರದು. ಅದನ್ನು ಒಪ್ಪಂದದಿಂದ ಕಟ್ಟಬೇಕು. ಆದ್ದರಿಂದಲೇ ಗ್ರಂಥದ ಪೀಠಿಕೆಯಲ್ಲಿ ಹೃದಯವನ್ನು ಸ್ಪ್ರಿಂಗಿಗೂ ಕೀಲುಗಳನ್ನು ಗಾಲಿಗಳಿಗೂ ಹೋಲಿಸುವ ಅವನು, ರಾಜ್ಯವನ್ನು ಮನುಷ್ಯನೇ ನಿರ್ಮಿಸಿದ ಕೃತಕ ದೇಹವೆಂದೂ ಸಾರ್ವಭೌಮಾಧಿಕಾರವನ್ನು ಅದರ ಆತ್ಮವೆಂದೂ ಅಂತರ್ಯುದ್ಧವನ್ನು ಅದರ ಮರಣವೆಂದೂ ವರ್ಣಿಸುತ್ತಾನೆ.

ಇಷ್ಟಾದರೂ, ಚಲನೆಯ ನಿಯಮದಿಂದ ಹಾಬ್ಸ್ ಪ್ರತಿಪಾದಿಸಿದ ನಿರಂಕುಶ ಪ್ರಭುತ್ವ ತಾರ್ಕಿಕವಾಗಿ ಹೊರಡುತ್ತದೆಂದು ನಾನು ಒಪ್ಪಲಾರೆ. ವಿಜ್ಞಾನ ಅವನಿಗೆ ಕೊಟ್ಟದ್ದು ಮನುಷ್ಯನ ಹೊಸ ಚಿತ್ರ. ತೀರ್ಮಾನದ ಹಿಂದೆ ಇಂಗ್ಲೆಂಡಿನ ಅಂತರ್ಯುದ್ಧದ ಭಯವೂ ಇತ್ತು. ಅದೇ ಕಾಲದ ವಿಜ್ಞಾನ ಬೇರೊಂದು ದಾರಿಯನ್ನೂ ತೆರೆಯಿತೆಂಬುದನ್ನು ಇಲ್ಲಿ ಮರೆಯಬಾರದು. ವಿಜ್ಞಾನಿ ರಾಬರ್ಟ್ ಬಾಯ್ಲ್, ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆಯುವ ಗಾಳಿಪಂಪಿನಿಂದ ನಡೆಸಿದ ಪ್ರಯೋಗಗಳನ್ನು ಹಾಬ್ಸ್ 1661ರಲ್ಲಿ ಕಟುವಾಗಿ ಟೀಕಿಸಿದ. ಜ್ಞಾನವೆಂದರೆ ಅವನಿಗೆ ರೇಖಾಗಣಿತದಂತೆ ಸಂಶಯಕ್ಕೆ ಎಡೆಯಿಲ್ಲದ್ದು. ಬಾಯ್ಲ್‌ನ ಒಡನಾಡಿಯೂ ವೈದ್ಯನೂ ಆಗಿದ್ದ, 1668ರಲ್ಲಿ ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಯ ಸದಸ್ಯನಾದ ತತ್ತ್ವಜ್ಞಾನಿ ಜಾನ್ ಲಾಕ್ ಮಾತ್ರ ನಮ್ಮ ತಿಳಿವಳಿಕೆಯ ಬಹುಪಾಲು ಸಂಭವನೀಯತೆಯನ್ನು ದಾಟುವುದಿಲ್ಲವೆಂದು ಕಂಡುಕೊಂಡ. ಮೋಕ್ಷದ ಮಾರ್ಗ ಪ್ರಜೆಗಿಂತ ಆಳುವವನಿಗೆ ಹೆಚ್ಚು ಚೆನ್ನಾಗಿ ಗೊತ್ತಿರುವುದಿಲ್ಲ ಎಂಬುದು, ಧಾರ್ಮಿಕ ಸಹಿಷ್ಣುತೆಯನ್ನು ಕುರಿತ ಅವನ 1689ರ ಪತ್ರದ ವಾದಗಳಲ್ಲೊಂದು. ನನ್ನ ದೃಷ್ಟಿಯಲ್ಲಿ ಆ ಯುಗದ ವಿಜ್ಞಾನ ರಾಜಕೀಯಕ್ಕೆ ಕೊಟ್ಟ ಹೆಚ್ಚು ಬೆಲೆಯುಳ್ಳ ಕೊಡುಗೆ ಈ ವಿನಯವೇ.

'ಲೆವಿಯಾಥನ್' ಮೂಲವನ್ನು ಓದುವ ಆಸಕ್ತಿಯಿದ್ದರೆ, ಪ್ರಸಿದ್ಧವಾದ ಹದಿಮೂರನೆಯ ಅಧ್ಯಾಯಕ್ಕೆ ನೇರವಾಗಿ ಹೋಗದೆ ಪೀಠಿಕೆ, ಎರಡು, ಆರು, ಹನ್ನೊಂದು ಎಂಬ ಕ್ರಮದಲ್ಲಿ ಓದಿ. ರಾಜ್ಯವಿಲ್ಲದ ಸ್ಥಿತಿಯೆಂದರೆ ಎಲ್ಲರೊಡನೆ ಎಲ್ಲರ ಯುದ್ಧ ಎಂಬ ಮಾತಿಗೆ ಹಾಬ್ಸ್ ಹೇಗೆ ಬಂದನೆಂಬುದು ಆಗ ತಿಳಿಯುತ್ತದೆ.