ವಸತಿ ಸಮುಚ್ಚಯಗಳಿಗೆ ಒಬ್ಬರೇ ಹೋಗುವ ಸಿಬ್ಬಂದಿಗೆ ಪ್ಯಾನಿಕ್ ಬಟನ್ ಕೊಟ್ಟರೆ ಸಾಕೇ?

ಕಾರವಾರ, ಅಂಕೋಲಾ ಕಡೆಯ ಆಶ್ರಯ ಮನೆಗಳಿಗೆ, ಮೂರು ಮಾಳಿಗೆಯ ವಸತಿ ಸಮುಚ್ಚಯಗಳಿಗೆ ತಪಾಸಣೆ, ರಿಪೇರಿ, ವಸೂಲಿ ಅಂತ ಒಬ್ಬೊಬ್ಬರೇ ಹೋಗುವ ಸಿಬ್ಬಂದಿಯ ಮೊಬೈಲಿಗೆ ಪ್ಯಾನಿಕ್ ಬಟನ್ ಆ್ಯಪ್ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬಟನ್ ಒತ್ತಲು ಎಚ್ಚರ ಇರಬೇಕು, ಕೈ ಆಡಬೇಕು, ನೆಟ್‌ವರ್ಕ್ ಸಿಗಬೇಕು. ತಾರಸಿಯಿಂದ ಬಿದ್ದವರಿಗೆ, ಕರೆಂಟ್ ಹೊಡೆದವರಿಗೆ ಇದ್ಯಾವುದೂ ಇರುವುದಿಲ್ಲ. ಹೋದವರಿಂದ ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಯಾರು, ಎಷ್ಟು ನಿಮಿಷದೊಳಗೆ, ಏನು ಮಾಡಬೇಕು ಅನ್ನುವುದನ್ನು ಮೊದಲು ಬರೆದಿಡಿ. ಆ್ಯಪ್ ಆಮೇಲಿನ ಮಾತು.

1986ರ ಜುಲೈ 28ರಂದು ಲಂಡನ್ನಿನಲ್ಲಿ ಸೂಜಿ ಲ್ಯಾಂಪ್ಲೂ ಎಂಬ ಎಸ್ಟೇಟ್ ಏಜೆಂಟ್ ಗಿರಾಕಿಯೊಬ್ಬರಿಗೆ ಮನೆ ತೋರಿಸಲು ಹೋದವರು ವಾಪಸ್ ಬರಲಿಲ್ಲ, ಇವತ್ತಿಗೂ ಪತ್ತೆಯಾಗಿಲ್ಲ. ಡೈರಿಯಲ್ಲಿ ಸಮಯ, ಒಂದು ಹೆಸರು, ಮನೆಯ ವಿಳಾಸ ಇತ್ತು. ಬರೆದಿಡುವುದಷ್ಟೇ ಯಾರನ್ನೂ ಕಾಯುವುದಿಲ್ಲ. ಅದನ್ನು ನೋಡುತ್ತ ಗಡಿಯಾರದ ಮೇಲೆ ಕಣ್ಣಿಟ್ಟು ಒಬ್ಬರು ಕೂತಿರಬೇಕು.

ನಿಮ್ಮ ಕಚೇರಿಯಲ್ಲಿ ಚಲನವಲನ ವಹಿ ಹೇಗೂ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವುದು ‘ಫೀಲ್ಡ್’ ಎಂಬ ಒಂದು ಪದ ಮತ್ತು ಒಂದು ಸಹಿ. ಹುಡುಕಿಕೊಂಡು ಹೋಗಬೇಕಾದಾಗ ಅದರಿಂದ ಏನೂ ತಿಳಿಯದು. ಬ್ಲಾಕ್, ಮನೆ ನಂಬರ್, ನಿವಾಸಿಯ ಫೋನ್, ಯಾವ ಕೆಲಸ, ತಮ್ಮ ಬೈಕ್ ನಂಬರ್, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಇಷ್ಟನ್ನೂ ಬರೆಸಿ.

ನಾನು ಹೇಳುವ ಲೆಕ್ಕ ಹೀಗೆ: ಭೇಟಿ 11.00ಕ್ಕೆ ಮುಗಿಯಬೇಕಿತ್ತು ಎಂದುಕೊಳ್ಳಿ. 11.15ರ ತನಕ ಕಾಯಬಹುದು. ಆಗಲೂ ಸುದ್ದಿ ಇಲ್ಲದಿದ್ದರೆ ಅವರಿಗೆ ಫೋನ್, ಎತ್ತದಿದ್ದರೆ ಆ ಮನೆಗೆ, ಪಕ್ಕದ ಮನೆಗೆ. 11.25ಕ್ಕೆ ಹತ್ತಿರದಲ್ಲಿರುವ ಸಿಬ್ಬಂದಿ ಅಲ್ಲಿಗೆ ಹೊರಡಬೇಕು, ಅದೂ ಇಬ್ಬರು. 11.45ಕ್ಕೂ ಸಿಗದಿದ್ದರೆ ತುರ್ತು ಸಹಾಯದ 112ಕ್ಕೆ ಕರೆ. ಫೋನಿನಲ್ಲಿ ಕೂಗಾಟ ಕೇಳಿಸಿದರೆ ಈ ನಿಮಿಷಗಳನ್ನೆಲ್ಲ ಬಿಟ್ಟು ನೇರ 112. ಎದುರಿಗೆ ಯಾರೋ ನಿಂತಿರುವಾಗ ಬಾಯಿಬಿಟ್ಟು ಹೇಳಲಾಗದು, ಅದಕ್ಕೊಂದು ಸಂಕೇತದ ಮಾತು ಇರಲಿ. ‘ಹಸಿರು ಫೈಲು ಮೇಜಿನ ಮೇಲಿದೆಯಾ ನೋಡಿ’ ಎಂದರೆ ಸಾಕು. ಕೇಳಿಸಿಕೊಂಡವರು ‘ಯಾವ ಫೈಲು?’ ಎಂದು ಕೇಳದ ಹಾಗೆ ಮೊದಲೇ ಅಭ್ಯಾಸ ಮಾಡಿಸಿ.

ಈ ವ್ಯವಸ್ಥೆ ಮುರಿದು ಬೀಳುವ ಜಾಗ ಗೊತ್ತಿರಲಿ. ಕೆಲಸ ಮುಗಿಸಿದವರು ಹೇಳುವುದನ್ನು ಮರೆತು ಸೀದಾ ಮನೆಗೆ ಹೋಗುತ್ತಾರೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಫೋನ್ ಮಾಡುವವರೇ ಇರುವುದಿಲ್ಲ. ಆದ್ದರಿಂದ ದಿನದ ಕೊನೆಯ ಸುದ್ದಿ ‘ಕೆಲಸ ಮುಗೀತು’ ಅಲ್ಲ, ‘ಮನೆ ಸೇರಿದೆ’ ಎಂದಿರಬೇಕು. ಮರೆತವರಿಗೆ ನೆನಪಿಸಿ, ಆದರೆ ಸುಮ್ಮನೆ ಹುಡುಕಾಡಿಸಿದರು ಎಂದು ಎಲ್ಲರೆದುರು ಬೈಯಬೇಡಿ. ಬೈದರೆ ಮುಂದೆ ಯಾರೂ ಸಂಕೇತದ ಮಾತನ್ನು ಆಡುವುದಿಲ್ಲ. ಇಪ್ಪತ್ತು ಜನರ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಹಾಕಿಸುವುದೂ ಬೇಡ, ಬೇರೆ ಯಾರೋ ನೋಡಿರುತ್ತಾರೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಕಾಯುವವರು ಒಬ್ಬರೇ, ಅವರ ರಜೆಗೆ ಹೆಸರು ಬರೆದ ಇನ್ನೊಬ್ಬರು.

ಒಬ್ಬರನ್ನೇ ಕಳಿಸಲೇಬಾರದ ಕೆಲಸಗಳಿವೆ. ಮನೆ ಖಾಲಿ ಮಾಡಿಸುವುದು, ಬೀಗ ಒಡೆಯುವುದು, ಹಂಚಿನ ಮಾಡು ಹತ್ತುವುದು, ನೀರಿನ ಸಂಪಿನೊಳಗೆ ಇಳಿಯುವುದು. ಸಂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ನೀರು ತೆಗೆಯಲು ಪೆಟ್ರೋಲ್ ಪಂಪನ್ನು ಒಳಗೇ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಕೊಳಚೆ ನುಗ್ಗಿದ್ದರೆ ಹೈಡ್ರೋಜನ್ ಸಲ್ಫೈಡ್ ಇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ಮುಟ್ಟಿದಾಗ ಮೂಗಿನ ಶಕ್ತಿಯೇ ಹೋಗುತ್ತದೆ, ವಾಸನೆ ನಿಂತಿತು ಎಂದುಕೊಂಡು ಇಳಿದವರು ಅಲ್ಲೇ ಕುಸಿಯುತ್ತಾರೆ. ಎತ್ತಲು ಹಾರಿದ ಎರಡನೆಯವರೂ ಹಾಗೇ. ಅದಕ್ಕೇ ಎಲ್ಲ ಮುಚ್ಚಳ ತೆಗೆದು ಬ್ಲೋವರ್‌ನಿಂದ ಗಾಳಿ ಹಾಯಿಸಿ, ಆಮ್ಲಜನಕ, ಈ ಎರಡು ವಿಷಾನಿಲ, ಉರಿಯುವ ಅನಿಲ ಹೀಗೆ ನಾಲ್ಕನ್ನು ಅಳೆಯುವ ಮೀಟರನ್ನು ದಾರ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಹಿಡಿದು ನೋಡಿ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವಂತಿಲ್ಲ. ಇಳಿದವರ ಮೈಗೆ ಹಾರ್ನೆಸ್, ಹಗ್ಗದ ತುದಿ ಮೇಲಿನವರ ಕೈಯಲ್ಲಿ, ಮೇಲಿನವರು ಯಾವ ಕಾರಣಕ್ಕೂ ಇಳಿಯಬಾರದು. ಇದು ನೀರಿನ ಸಂಪಿಗೆ ಮಾತ್ರ. ಶೌಚದ ಗುಂಡಿಗೆ ಯಾರನ್ನೂ ಇಳಿಸಬೇಡಿ, ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅದಕ್ಕೇ ಬಂದದ್ದು. ಸಕ್ಕಿಂಗ್ ಯಂತ್ರ ತರಿಸಿ, ಸಹಾಯವಾಣಿ 14420.

ವೈರ್‌ಮನ್ ಕೆಲಸದಲ್ಲಿ ಒಂದು ಹಳೆಯ ರೂಢಿ ಇದೆ, ಅದನ್ನು ಬಿಡಿಸಬೇಡಿ: ಫ್ಯೂಸ್ ಕ್ಯಾರಿಯರ್ ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವುದು. ಫ್ಯೂಸ್ ಬದಲು ಎಂಸಿಬಿ (ಸ್ವಿಚ್ಚಿನಂಥ ಸರ್ಕ್ಯೂಟ್ ಬ್ರೇಕರ್) ಇರುವ ಕಡೆ ಅದು ಆಗುವುದಿಲ್ಲ, ಕೆಳಗಿನ ಮನೆಯವರು ‘ಕರೆಂಟ್ ಹೋಯಿತು’ ಎಂದು ಮೇಲೆತ್ತಿಬಿಡುತ್ತಾರೆ. ಎಂಸಿಬಿಗೆ ಹಾಕುವ ಸಣ್ಣ ಲಾಕ್ ಸಿಗುತ್ತದೆ, ಕೊಡಿಸಿ. ಕೆಲಸಕ್ಕೆ ಮುಂಚೆ ಟೆಸ್ಟ್ ಲ್ಯಾಂಪನ್ನು ಕರೆಂಟ್ ಇರುವಲ್ಲಿ ಹಿಡಿದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಹಿಡಿಯಬೇಕು. ಮಳೆಗಾಲದಲ್ಲಿ ಒದ್ದೆಯಾದ ಮೀಟರ್ ಬೋರ್ಡ್ ಕಂಡರೆ ಮುಟ್ಟದೆ ಹೆಸ್ಕಾಂನ 1912ಕ್ಕೆ ತಿಳಿಸಲಿ.

ಬಾಗಿಲ ಹತ್ತಿರದ ನಡವಳಿಕೆ ಸುಲಭ. ಗೇಟನ್ನು ಸದ್ದು ಮಾಡಿ, ನಾಯಿ ಇದ್ದರೆ ತಿಳಿಯುತ್ತದೆ. ಬಾಗಿಲು ಬಡಿದು ಎರಡು ಹೆಜ್ಜೆ ಹಿಂದೆ ನಿಲ್ಲಿ. ಆದಷ್ಟೂ ಜಗಲಿಯಲ್ಲೇ ಮುಗಿಸಿ. ಒಳಗೆ ಹೋಗಲೇಬೇಕಾದರೆ ಮನೆಯವರು ಮುಂದೆ, ನೀವು ಹಿಂದೆ, ಚಿಲಕ ಹಾಕಲು ಬಿಡಬೇಡಿ. ಲೇಸ್ ಕಟ್ಟುವ ಶೂ ಬಿಚ್ಚಿಟ್ಟು ಒಳಗೆ ಹೋದವರು ಅವಸರದಲ್ಲಿ ಬರಿಗಾಲಲ್ಲಿ ಓಡಬೇಕಾಗುತ್ತದೆ, ಅದಕ್ಕಿಂತ ಹಿಮ್ಮಡಿ ಪಟ್ಟಿಯ ಸ್ಯಾಂಡಲ್ ವಾಸಿ. ಆದರೆ ಮಾಡಿಗೆ, ಚಿರೇಕಲ್ಲಿನ ಮೆಟ್ಟಿಲಿಗೆ ಅದೇ ಸ್ಯಾಂಡಲ್ ಬೇಡ. ಜೂನ್ ಕಳೆದ ಮೇಲೆ ಕಲ್ಲೆಲ್ಲ ಹಾವಸೆ ಕಟ್ಟಿರುತ್ತದೆ. ನಾಯಿ ಕಚ್ಚಿದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ. ಇನ್ನು ವಸೂಲಿಗೆ ಹೋದವರ ಚೀಲದಲ್ಲಿ ನಗದು ಇದೆ ಎಂಬುದು ಇಡೀ ಕೇರಿಗೆ ಗೊತ್ತಿರುತ್ತದೆ. ಯುಪಿಐಗೆ ಬದಲಾಯಿಸಿದರೆ ಒಂದು ದೊಡ್ಡ ಅಪಾಯ ತಾನಾಗೇ ಹೋಗುತ್ತದೆ.

ನೆಟ್‌ವರ್ಕ್ ಬಗ್ಗೆ: ಕಾರವಾರ ಪೇಟೆಯ ಲೆಕ್ಕವನ್ನು ಜೋಯಿಡಾಕ್ಕೋ ಶಿರಸಿಯ ಒಳ ಹಳ್ಳಿಗೋ ಹಾಕಬೇಡಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಇರುತ್ತದೆ, ಸಿಬ್ಬಂದಿಯ ಮೊಬೈಲಿನಲ್ಲಿ ವೈಫೈ ಕಾಲಿಂಗ್ (ವೈಫೈ ಮೂಲಕವೇ ಕರೆ ಹೋಗುವ ಸೌಲಭ್ಯ) ಮೊದಲೇ ಆನ್ ಮಾಡಿಸಿ. ಕಾಲ್ ಹೋಗದ ಕಡೆ ಕೆಲವೊಮ್ಮೆ ಎಸ್ಸೆಮ್ಮೆಸ್ ಹೋಗುತ್ತದೆ. ತಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದ್ದು ಸಿಕ್ಕಿದರೆ 112 ಹೋಗುತ್ತದೆ. ಏನೂ ಇಲ್ಲದ ಊರಿಗೆ ಹೋಗುವವರು ದಾರಿಯ ಹಾಲಿನ ಸೊಸೈಟಿಯಲ್ಲೋ ಅಂಗಡಿಯಲ್ಲೋ ಹೇಳಿ ಹೋಗಿ, ಬರುವಾಗ ಅಲ್ಲೇ ಮುಖ ತೋರಿಸಿ ಬರಲಿ. ಗುಡ್ಡದ ಬುಡದ ರಸ್ತೆಗೆ ರೆಡ್ ಅಲರ್ಟ್ ದಿನ ಯಾರನ್ನೂ ಕಳಿಸಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಸದಾ ಓಡಾಟವಿರುವ ಹೆದ್ದಾರಿಯ ಮೇಲೇ.

ತೊಂದರೆ ಆದ ಮನೆಯ ಬಗ್ಗೆ ವಹಿಯಲ್ಲಿ ಬರೆಯುವಾಗ ‘ಕೆಟ್ಟ ಜನ’ ಎನ್ನಬೇಡಿ. ‘ಎರಡು ನಾಯಿ, ಕಟ್ಟಿರುವುದಿಲ್ಲ’, ‘ಇಂಥ ದಿನ ಕತ್ತಿ ತೋರಿಸಿದರು, ಇಬ್ಬರು ಹೋಗಬೇಕು’ ಎಂದು ನಡೆದದ್ದನ್ನಷ್ಟೇ ಬರೆಯಿರಿ. ಆರು ತಿಂಗಳಿಗೊಮ್ಮೆ ತಿದ್ದಿ, ಬಾಡಿಗೆದಾರರು ಬದಲಾಗಿರುತ್ತಾರೆ. ಹಲ್ಲೆಯಾದರೆ ದೂರನ್ನು ಕಚೇರಿ ಮುಖ್ಯಸ್ಥರೇ ಕೊಡಲಿ, ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಇರುವುದು ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲಿನ ಹಲ್ಲೆಗೇ. ಮಹಿಳಾ ಸಿಬ್ಬಂದಿಗೆ ಭೇಟಿ ಕೊಟ್ಟ ಮನೆಯಲ್ಲಿ ಕಿರುಕುಳವಾದರೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅದನ್ನು ಕೆಲಸದ ಸ್ಥಳ ಎಂದೇ ನೋಡುತ್ತದೆ, ಅವರು ಪೊಲೀಸರಿಗೆ ದೂರು ಕೊಡಬೇಕೆಂದರೆ ಕಚೇರಿ ನೆರವಾಗಲೇಬೇಕು.

ಗುತ್ತಿಗೆಯ ಪ್ಲಂಬರ್, ನೀರುಗಂಟಿ, ಪೌರಕಾರ್ಮಿಕರ ಹೆಸರು ನಿಮ್ಮ ವಹಿಯಲ್ಲಿ ಬಹುಶಃ ಇಲ್ಲ. ಹೆಚ್ಚು ಅಪಾಯದ ಕೆಲಸ ಮಾಡುವವರು ಅವರೇ, ಮೊದಲು ಅವರ ನಂಬರ್ ಸೇರಿಸಿ. ಆಮೇಲೆ ತಿಂಗಳಿಗೊಮ್ಮೆ ಮೇಲಧಿಕಾರಿಗೆ ಮಾತ್ರ ಹೇಳಿ, ಯಾರಾದರೊಬ್ಬರು ಬೇಕೆಂದೇ ಸುದ್ದಿ ಕೊಡದೆ ಕೂರಲಿ. ಮೊದಲ ಫೋನ್ ಎಷ್ಟು ನಿಮಿಷಕ್ಕೆ ಬಂತು ಎಂದು ಬರೆದಿಡಿ.